ಓವರ್‌ಲಾಕ್ ಯಂತ್ರವಿಲ್ಲದೆ ಬನಿಯನ್ ಬಟ್ಟೆಯ ಅಂಚು

ಮನೆಮಂದಿಯ ಟಿ-ಶರ್ಟು, ರಾತ್ರಿ ಪೈಜಾಮ, ಮಕ್ಕಳ ಬನಿಯನ್‌ಗಳನ್ನೆಲ್ಲ ನಾನೇ ಹೊಲಿಯುತ್ತೇನೆ. ಬಟ್ಟೆ ತಿರುಪ್ಪೂರಿನ ಹತ್ತಿ ಹೊಸೈರಿ, ಅಂದರೆ ನೇಯ್ಗೆಯ ಬದಲು ಹೆಣಿಗೆಯಿಂದ ಮಾಡಿದ ಬನಿಯನ್ ಬಟ್ಟೆ, ಕಿಲೋ ಲೆಕ್ಕದಲ್ಲಿ ಕೊಂಡದ್ದು. ಯಂತ್ರ ಜಿಗ್‌ಜಾಗ್ (ಅಂಕುಡೊಂಕು) ಹೊಲಿಗೆಯಿರುವ ಸಾಮಾನ್ಯ ಮನೆಯಂತ್ರ. ಅಂಚನ್ನು ಕತ್ತರಿಸುತ್ತಲೇ ಅದಕ್ಕೆ ದಾರ ಸುತ್ತಿ ಹೊಲಿಯುವ ಓವರ್‌ಲಾಕ್ ಯಂತ್ರ ಇಲ್ಲದೆ ಈ ಬಟ್ಟೆಗೆ ಕೈಹಾಕಬಾರದು ಎಂದು ನಂಬಿ ದೂರ ಉಳಿದವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ಹಾಸುಹೊಕ್ಕಿನ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಹೆಣೆದ ಬಟ್ಟೆ ಹಾಗಲ್ಲ. ಅದು ಕುಣಿಕೆಯೊಳಗೆ ಕುಣಿಕೆ. ಹತ್ತಿಯ ಜರ್ಸಿಯನ್ನು, ಅಂದರೆ ಟಿ-ಶರ್ಟಿಗೆ ಬಳಸುವ ಹೆಣಿಗೆ ಬಟ್ಟೆಯನ್ನು, ಕತ್ತರಿಸಿ ಹಾಗೆಯೇ ಬಿಟ್ಟರೂ ಎಳೆ ಉದುರುವುದು ಬಹಳ ಕಡಿಮೆ. ಅದರ ತೊಂದರೆಗಳು ಬೇರೆ: ಅಂಚು ಸುರುಳಿಯಾಗುತ್ತದೆ, ಹಿಗ್ಗಿದಾಗ ಹೊಲಿಗೆಯ ದಾರ ತುಂಡಾಗುತ್ತದೆ. ಆದ್ದರಿಂದ ನಾನು ಪ್ರತಿಯೊಂದು ಅಂಚಿಗೂ ಕೇಳಿಕೊಳ್ಳುವುದು ಒಂದೇ: ಹೊಲಿದ ಮೇಲೆ ಇದು ಎಷ್ಟು ಹಿಗ್ಗಬೇಕು?

ಹೊಸ ಬಟ್ಟೆಯನ್ನು ಮೊದಲು ಒಗೆದು ಒಣಗಿಸುತ್ತೇನೆ, ಏಕೆಂದರೆ ಹತ್ತಿ ಹೊಸೈರಿ ಉದ್ದದಲ್ಲಿ ಚೆನ್ನಾಗಿಯೇ ಕುಗ್ಗುತ್ತದೆ. ಸೂಜಿ ಬಾಲ್‌ಪಾಯಿಂಟ್ ಆಗಿರಲೇಬೇಕು. ಅದರ ದುಂಡು ತುದಿ ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಒಳಹೋಗುತ್ತದೆ. ಚೂಪು ಸೂಜಿಯಾದರೆ ಹೊಲಿಗೆ ತಪ್ಪುತ್ತದೆ, ಒಗೆದಂತೆಲ್ಲ ಸಣ್ಣ ತೂತುಗಳು ಕಾಣತೊಡಗುತ್ತವೆ. ಸೂಜಿಯ ಅಳತೆ ತೆಳು ಜರ್ಸಿಗೆ 75/11, ದಪ್ಪ ಬಟ್ಟೆಗೆ 90/14. ದಾರ ಪಾಲಿಯೆಸ್ಟರ್.

ಪಕ್ಕದ ಹೊಲಿಗೆಯನ್ನು ಎರಡು ಸಲ ಹಾಕುತ್ತೇನೆ. ಮೊದಲನೆಯದು ಕಿರಿದಾದ ಜಿಗ್‌ಜಾಗ್: ಅಗಲ ಅರ್ಧದಿಂದ 1 ಮಿ.ಮೀ., ಉದ್ದ 2.5. ದೂರದಿಂದ ನೇರ ಹೊಲಿಗೆಯಂತೆಯೇ ಕಂಡರೂ ಎಳೆದಾಗ ಬಗ್ಗುತ್ತದೆ. ಎರಡನೆಯದು ಎರಡೂ ಪದರ ಸೇರಿಸಿ ಅಗಲವಾದ ಜಿಗ್‌ಜಾಗ್. ಇದನ್ನು ಅಂಚಿನ ತುದಿಗೇ ಹಾಕಿದರೆ ತೆಳು ಬಟ್ಟೆ ಮುದುಡಿಕೊಳ್ಳುತ್ತದೆ. ಹಾಗಾಗಿ ಸ್ವಲ್ಪ ಒಳಗೆ ಹೊಲಿದು, ಉಳಿದ ಬಟ್ಟೆಯನ್ನು ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ತೆಗೆಯುತ್ತೇನೆ. ಒಂದೊಂದು ಓರೆಗೆರೆಯನ್ನು ಮೂರು ಕುಟ್ಟುಗಳಲ್ಲಿ ಹಾಕುವ ಜಿಗ್‌ಜಾಗ್ ನಿಮ್ಮ ಯಂತ್ರದಲ್ಲಿದ್ದರೆ ಅದನ್ನೇ ಆರಿಸಿ. ಮುದುಡುವ ಸಮಸ್ಯೆ ಬಹುತೇಕ ಇರುವುದಿಲ್ಲ.

ನಿಜವಾಗಿ ತಾಳ್ಮೆ ಬೇಡುವುದು ಕೆಳ ಅಂಚಿನ ಮಡಿಕೆ. ಜರ್ಸಿಯ ಅಡ್ಡ ಅಂಚು ಬಟ್ಟೆಯ ಮುಖದ ಕಡೆಗೇ ಸುರುಳುತ್ತದೆ, ಮಡಚಬೇಕಾದದ್ದು ಹಿಂದಕ್ಕೆ. ನಾನು ತೆಳುವಾದ ಗಂಜಿನೀರನ್ನು ಅಂಚಿನ ಉದ್ದಕ್ಕೂ ಸವರಿ, ಒಣಗಿದ ಮೇಲೆ ಇಸ್ತ್ರಿ ಮಾಡುತ್ತೇನೆ. ಬಟ್ಟೆ ಕಾಗದದಂತೆ ಬಿಗಿಯಾಗಿ ಹೇಳಿದ ಮಾತು ಕೇಳುತ್ತದೆ. ಮೊದಲ ಒಗೆತದಲ್ಲೇ ಗಂಜಿ ಹೋಗುತ್ತದೆ. ಎರಡು ಸಲ ಮಡಚುವ ಅಗತ್ಯವಿಲ್ಲ, ಒಂದೇ ಮಡಿಕೆ ಸಾಕು.

ಹೊಲಿದ ಅಂಚು ಅಲೆಅಲೆಯಾಗುವುದಕ್ಕೂ ಕಾರಣವಿದೆ. ಮೇಲಿನಿಂದ ಯಂತ್ರದ ಪಾದ ಬಟ್ಟೆಯನ್ನು ಒತ್ತಿ ತಡೆಯುತ್ತದೆ, ಕೆಳಗಿನ ಹಲ್ಲುಗಳು ಮುಂದಕ್ಕೆ ಒಯ್ಯುತ್ತವೆ. ಈ ಎಳೆದಾಟದಲ್ಲಿ ಬಟ್ಟೆ ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಪಾದದ ಒತ್ತಡ ತಗ್ಗಿಸಲು ತಿರುಪು ಇದ್ದರೆ ಸಡಿಲಿಸಬೇಕು. ಇಲ್ಲದಿದ್ದರೆ ಬಟ್ಟೆಯ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬಹುದು. ಅಚ್ಚಿನ ಶಾಯಿ ಅಂಟುವುದರಿಂದ ಹಳೆ ಪತ್ರಿಕೆ ಬೇಡ. ಹಿಂದಿನಿಂದ ಕೈಯಲ್ಲಿ ಎಳೆಯುವ ಅಭ್ಯಾಸವಂತೂ ಖಂಡಿತ ಬೇಡ. ಇಷ್ಟಾಗಿಯೂ ಅಲೆ ಉಳಿದರೆ ಹಬೆ ಇಸ್ತ್ರಿಯನ್ನು ಮೇಲಿನಿಂದ ಒತ್ತಿ ಎತ್ತಬೇಕು, ಉಜ್ಜಬಾರದು. ಹತ್ತಿ ಬಹುಮಟ್ಟಿಗೆ ತನ್ನ ಅಳತೆಗೆ ಮರಳುತ್ತದೆ.

ಅಂಗಡಿಯ ಟಿ-ಶರ್ಟಿನ ಅಂಚಿನಲ್ಲಿ ಕಾಣುವ ಜೋಡಿ ಗೆರೆ ಗಾರ್ಮೆಂಟ್ಸ್‌ನವರು ಫ್ಲಾಟ್‌ಲಾಕ್ ಎನ್ನುವ ಬೇರೆಯೇ ಯಂತ್ರದ್ದು. ಅದಕ್ಕೆ ಹತ್ತಿರದ ನೋಟ ಮನೆಯಲ್ಲಿ ಜೋಡಿ ಸೂಜಿಯಿಂದ ಬರುತ್ತದೆ. ಮೇಲೆ ಎರಡು ದಾರ, ಕೆಳಗೆ ಒಂದೇ ಬಾಬಿನ್; ಕೆಳದಾರ ಎರಡು ಗೆರೆಗಳ ನಡುವೆ ಅತ್ತಿತ್ತ ಓಡುವುದರಿಂದ ಸಾಕಷ್ಟು ಹಿಗ್ಗುತ್ತದೆ. 4 ಮಿ.ಮೀ. ಅಂತರದ ಸೂಜಿ ನನಗೆ ಒಗ್ಗಿದೆ. ಜಿಗ್‌ಜಾಗ್ ಇಲ್ಲದ ಕಪ್ಪು ಯಂತ್ರದ ತಟ್ಟೆಯಲ್ಲಿರುವುದು ಒಂದೇ ಸಣ್ಣ ತೂತು, ಅಲ್ಲಿ ಈ ಸೂಜಿ ಹಾಕಿದರೆ ಮುರಿಯುತ್ತದೆ.

ಅಂಗಿಯ ಕತ್ತಿನ ಅಂಚಿಗೆ ಮಡಿಕೆಗಿಂತ ಬೇರೆ ಪಟ್ಟಿ ಜೋಡಿಸುವುದೇ ಚೆಂದ. ಅದೇ ಜರ್ಸಿಯ ಪಟ್ಟಿಯಾದರೆ ಕತ್ತಿನ ಸುತ್ತಳತೆಯ ಸುಮಾರು ಶೇ. 85, ರಿಬ್ (ಹೆಚ್ಚು ಹಿಗ್ಗುವ, ಉದ್ದುದ್ದ ಗೆರೆಗಳ ಹೆಣಿಗೆ) ಆದರೆ ಶೇ. 80ರಷ್ಟು ಉದ್ದ ತೆಗೆದುಕೊಳ್ಳುತ್ತೇನೆ. 44 ಸೆಂ.ಮೀ. ಕತ್ತಿಗೆ ಜರ್ಸಿ ಪಟ್ಟಿ 37.5, ಜೋಡಿಸಲು ಬೇಕಾದ ಬಟ್ಟೆ ಬೇರೆ. ಎರಡನ್ನೂ ನಾಲ್ಕು ಭಾಗ ಮಾಡಿ ಗುರುತಿಗೆ ಗುರುತು ಕೂಡಿಸಿ, ಪಟ್ಟಿಯನ್ನು ಮಾತ್ರ ಹಿಗ್ಗಿಸುತ್ತ ಹೊಲಿಯುತ್ತೇನೆ. ಮಕ್ಕಳ ಬಟ್ಟೆಯಾದರೆ ಹೊಲಿಯುವ ಮೊದಲೇ ಪಟ್ಟಿಯನ್ನು ತಲೆಯ ಸುತ್ತ ಹಿಗ್ಗಿಸಿ ನೋಡುವುದು ಒಳ್ಳೆಯದು.

ಹಿಗ್ಗಲೇಬಾರದ ಜಾಗ ಭುಜ. ಇಡೀ ಅಂಗಿಯ ಭಾರ ಅಲ್ಲಿ ತೂಗುತ್ತದೆ; ಸಡಿಲ ಬಿಟ್ಟರೆ ತೋಳು ದಿನೇ ದಿನೇ ಕೆಳಗಿಳಿಯುತ್ತದೆ. ಅಲ್ಲಿ ಮಾತ್ರ ತೆಳು ಹತ್ತಿ ಟೇಪನ್ನು ಒಳಗಿಟ್ಟು, ಜಿಗ್‌ಜಾಗ್ ಬಿಟ್ಟು ನೇರ ಹೊಲಿಗೆಯನ್ನೇ ಹಾಕುತ್ತೇನೆ.