ಕನಕಾಂಬರದ ಬೀಜ ಹಿಡಿಯುವುದು ಹೇಗೆ?

ಕನಕಾಂಬರ ನಮ್ಮದೇ ನೆಲದ ಗಿಡ. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ಕರಾವಳಿಯವರಿಗೆ ಇದು ಅಬ್ಬಲಿಗೆ. ಮನೆ ಮುಂದೆಯೇ ಗಿಡವಿದ್ದರೂ ಮೇ ತಿಂಗಳು ಬಂತೆಂದರೆ ಜನ ನರ್ಸರಿಗೆ ಓಡುತ್ತಾರೆ. ಕೇಳಿದರೆ, ‘ನಮ್ಮದು ಬೀಜವೇ ಬಿಡಲ್ಲ’ ಎನ್ನುತ್ತಾರೆ. ಬಿಟ್ಟಿರುತ್ತದೆ. ಕೃತ್ತಿಕಾ ಮಳೆಯ ಮೊದಲ ಹನಿಗೇ ಸಿಡಿದು ಹೋಗಿರುತ್ತದೆ ಅಷ್ಟೇ.

ಮೊದಲು ತಳಿ ನೋಡಿ. ಡೆಲ್ಲಿ ಕನಕಾಂಬರವಾದರೆ ಬೀಜದ ಆಸೆ ಬಿಡಿ, ಕಡ್ಡಿ ನೆಟ್ಟೇ ಬೆಳೆಸಬೇಕು.

ನಾಟಿ ತಳಿಯಾದರೆ, ಹೂ ಮುಗಿದ ತೆನೆಗಳನ್ನು ಕೀಳದೆ ಗಿಡದಲ್ಲೇ ಬಿಡಿ. ಎಲ್ಲರೂ ಎಡವುವುದು ಇಲ್ಲಿಯೇ. ತೆನೆ ಹಸಿರಿದ್ದಾಗಲೇ ಕಿತ್ತರೆ ಬೀಜ ಜೊಳ್ಳು. ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು, ಮುಟ್ಟಿದರೆ ಗರಗರ ಎನ್ನಬೇಕು. ಅಲ್ಲಿಯವರೆಗೆ ನೀರು ಬುಡಕ್ಕೆ ಮಾತ್ರ. ಪೈಪ್ ಹಿಡಿದು ಗಿಡದ ತಲೆ ಮೇಲೆ ಸುರಿದರೆ ಮುಗೀತು, ನೀರು ತಾಗಿದ ಒಣಕಾಯಿ ಪಟ್ಟನೆ ಒಡೆಯುತ್ತದೆ. ಬೆಳಗಿನ ಇಬ್ಬನಿಯಲ್ಲೂ ಕೊಯ್ಯಬೇಡಿ. ಬಿಸಿಲೇರಿದ ಮೇಲೆ, ಒಣ ಕೈಯಲ್ಲಿ, ಕತ್ತರಿಯಿಂದ ಕತ್ತರಿಸಿ. ಒಮ್ಮೆ ಪಾತ್ರೆ ತೊಳೆದ ಕೈಯಲ್ಲೇ ಹೋಗಿ ಕಿತ್ತಿದ್ದೆ. ಬೀಜ ಕೆನ್ನೆಗೆ ಬಡಿದದ್ದು ಗೊತ್ತಾಯಿತು, ಬಿದ್ದದ್ದೆಲ್ಲಿ ಅಂತ ಗೊತ್ತಾಗಲಿಲ್ಲ.

ಆಮೇಲೆ ನಾವೇ ಸಿಡಿಸಬೇಕು. ತೆನೆಗಳನ್ನು ಅಗಲ ಬೋಗುಣಿಗೆ ಹಾಕಿ. ಬಾಯಿಗೆ ಹಳೇ ಪಂಚೆಯ ತುಂಡು ಬಿಗಿಯಾಗಿ ಕಟ್ಟಿ, ಬಟ್ಟೆಯ ಮೇಲಿಂದಲೇ ನೀರು ಚಿಮುಕಿಸಿ. ಸ್ವಲ್ಪ ಹೊತ್ತಿಗೆ ಒಳಗೆ ಪಟಪಟ ಶುರುವಾಗುತ್ತದೆ. ಸದ್ದು ನಿಲ್ಲುವ ಮೊದಲು ಬಟ್ಟೆ ಎತ್ತಬೇಡಿ. ಒಂದು ಕಾಯಿಗೆ ಹೆಚ್ಚೆಂದರೆ 4 ಬೀಜ. ಬೇಗ ಆಗಲಿ ಅಂತ ಉಗುರಿನಲ್ಲಿ ಬಿಡಿಸುವವರಿದ್ದಾರೆ. ಅರ್ಧ ಬೀಜ ಜಜ್ಜಿ ಹೋಗುತ್ತದೆ, ಬೇಡ.

ಒದ್ದೆಯಾದ ಬೀಜ ಡಬ್ಬಿಯಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಅವತ್ತೇ ಬಿತ್ತಿ: ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಮಪಾಲು, ಮೇಲೆ ತೆಳುವಾಗಿ ಮಣ್ಣು, ಅರೆನೆರಳು. ‘ರೆಡಿ ಮಿಕ್ಸ್’ ಅಂತ ಮಾರುವ ಚೀಲಗಳನ್ನು ನಾನಂತೂ ತರುವುದಿಲ್ಲ. ಕೆಲವದರಲ್ಲಿ ಬರೀ ತೆಂಗಿನ ನಾರಿನ ಪುಡಿಯೇ ಇರುತ್ತದೆ.

ಎರಡು-ಮೂರು ವಾರಕ್ಕೆ ಮೊಳಕೆ ಕಾಣುತ್ತದೆ. ಆರೆಂಟು ಎಲೆ ಬಂದ ಮೇಲೆ ಅಡಿಗೊಂದರಂತೆ ನೆಡಿ. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಲೇಬೇಕು. ಈ ಗಿಡಕ್ಕೆ ಬೇರುಗಂಟು ರೋಗ ಜಾಸ್ತಿ. ನರ್ಸರಿಯಿಂದಲೇ ಸಸಿ ತರುವುದಾದರೆ ಕವರ್ ಬಿಚ್ಚಿಸಿ ಬೇರು ನೋಡಿ. ಗಂಟುಗಂಟಾಗಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ.