ಬಿಸಿ ನಮ್ಮನೇದು, ಮಿಕ್ಕಿದ್ದು ನಿಮ್ಮನೇದು: ಮೈಸೂರಲ್ಲಿ ಪಾಟ್‌ಲಕ್ ಗೆದ್ದ ಬಗೆ

ಅನ್ನ ಸಾರು ಉಣ್ಣೋ ಊರಲ್ಲಿ ಪಾಟ್‌ಲಕ್, ಅಂದರೆ ಬರೋರೇ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣೋ ಊಟ, ನಡೆಯೋದಿಲ್ಲ ಅಂತ ನಮ್ಮ ಬಳಗದಲ್ಲಿ ಹೇಳದವರೇ ಇರಲಿಲ್ಲ. ಅತ್ತೆಯವರ ತಕರಾರು ಬೇರೆಯೇ: "ಊಟಕ್ಕೆ ಕರೆದು, ಊಟಾನೂ ನೀವೇ ತನ್ನಿ ಅಂತಾರೇನಮ್ಮಾ? ನಮ್ಮನೆ ಒಲೆಗೇನಾಗಿದೆ?" ಭಾವ ಮಾತ್ರ ಲೆಕ್ಕ ಹಾಕಿ, "ಕೇಟರಿಂಗ್‌ನೋರಿಗೆ ಹೇಳಿಬಿಡು, ತಲೆನೋವು ತಪ್ಪುತ್ತೆ" ಅಂದರು. ಕಳೆದ ಅವರೆಕಾಯಿ ಕಾಲದಲ್ಲಿ ಕುವೆಂಪುನಗರದ ನಮ್ಮ ಮನೆಯ ಮಹಡಿ ಮೇಲೆ ಮೂವತ್ತು ಚಿಲ್ಲರೆ ಜನ ಕೂತು ಉಂಡೆದ್ದರು. ಒಬ್ಬರಿಗೂ ತಣ್ಣಗಿನ ಸಾರು ಬಡಿಸಲಿಲ್ಲ. ಒಂದು ತಟ್ಟೆ ಅಡುಗೆಯೂ ಹಾಳಾಗಲಿಲ್ಲ. ಅತ್ತೆಯವರೇ ಬಾಗಿಲಲ್ಲಿ ನಿಂತು "ಮುಂದಿನ ಸಲ ಯಾವಾಗ ಅಂತ ಹೇಳ್ತೀವಿ" ಅಂತ ಕಳಿಸಿಕೊಟ್ಟರು. ಆದ್ದರಿಂದ ಬರೆಯೋ ಹಕ್ಕು ಬಂದಿದೆ ಅಂದುಕೊಂಡು ಬರೀತಿದ್ದೀನಿ.

ಮನೆಗೆ ಇಪ್ಪತ್ತು ಜನರನ್ನು ಕರೆದು ಉಣ್ಣಿಸಿ ಗೊತ್ತಿರುವವರಿಗಾಗಿ ಇದು. ಸಾರು ಹೇಗೆ ಮಾಡಬೇಕು, ಕುಕ್ಕರ್ ಎಷ್ಟು ಕೂಗಬೇಕು ಅನ್ನೋದೆಲ್ಲ ಇಲ್ಲಿಲ್ಲ.

ಮೊದಮೊದಲು ಯಾಕೆ ಕೆಡುತ್ತಿತ್ತು ಅಂದರೆ, ನಮ್ಮೂರಲ್ಲಿ ಜನ ಬರೋದು ಸ್ಕೂಟರಲ್ಲಿ. ಸ್ಕೂಟರಲ್ಲಿ ಸಾರು, ಹುಳಿ, ಮಜ್ಜಿಗೆಹುಳಿ ತರೋರು ಯಾರು? "ನಿಮಗೆ ಇಷ್ಟ ಬಂದದ್ದು ತನ್ನಿ" ಅಂದಾಗೆಲ್ಲ ಚೆಲ್ಲದಂಥದ್ದೇ ಬಂತು. ಪುಳಿಯೋಗರೆ, ವಾಂಗೀಭಾತು, ಟೊಮೇಟೊ ಭಾತು, ಚಿತ್ರಾನ್ನ, ಮತ್ತೆ ಒಣ ಪಲ್ಯ. ಟೇಬಲ್ ತುಂಬಿದ ಹಾಗೆ ಕಾಣುತ್ತಿತ್ತು, ಆದರೆ ಎರಡು ತುತ್ತು ಆದ ಮೇಲೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಹಿರಿಯರು ಸುತ್ತ ನೋಡಿ "ಒಂದು ಸೌಟು ಸಾರು ಇದ್ದಿದ್ರೆ..." ಅಂದು ಸುಮ್ಮನಾಗುತ್ತಿದ್ದರು. ಒಂದು ಸಲ ಧೈರ್ಯ ಮಾಡಿ ಗೆಳತಿಯೊಬ್ಬಳು ಹಾಲಿನ ಕ್ಯಾನಿನಲ್ಲಿ ಹುಳಿ ತಂದಳು. ಅರ್ಧ ಹುಳಿ ಸ್ಕೂಟರಿನ ಕಾಲಿಡೋ ಜಾಗದಲ್ಲಿತ್ತು, ಉಳಿದರ್ಧ ಆರಿಹೋಗಿತ್ತು. ಬಂದವರು ತಂದ ಪಾತ್ರೆಗಳನ್ನೆಲ್ಲ ಬಿಸಿ ಮಾಡೋಕೆ ಎರಡೇ ಬರ್ನರ್. ಅಡುಗೆಮನೆಯಲ್ಲಿ ಐದಾರು ಹೆಂಗಸರು ಸಾಲು ನಿಂತು, ಊಟ ಮೂರು ಗಂಟೆಗೆ.

ಇದನ್ನು ಬಹಳ ದಿನ ತಲೆಯಲ್ಲಿ ತಿರುಗಿಸಿ ಒಂದು ಪಾಲು ಮಾಡಿದೆ. ಬಿಸಿಯಾಗಿಯೇ ಇರಬೇಕಾದ್ದು, ದ್ರವವಾಗಿರೋದು ಎಲ್ಲ ಕರೆದ ಮನೆಯದು: ಅನ್ನ, ಸಾರು ಅಥವಾ ಹುಳಿ, ಮಜ್ಜಿಗೆ, ಕರಿದ ಹಪ್ಪಳ ಸಂಡಿಗೆ, ತುಪ್ಪ. ಆರಿದರೂ ರುಚಿ ಕೆಡದ್ದೆಲ್ಲ ಬರುವವರದು. ನಮ್ಮ ಗ್ಯಾಸ್ ಒಲೆ ಮೇಲೆ ಬೇರೆಯವರ ಪಾತ್ರೆ ಏರೋದೇ ಇಲ್ಲ. ಇಷ್ಟೇ ಗುಟ್ಟು, ಆದರೆ ಇದೊಂದು ಬದಲಾದ ಮೇಲೆ ಉಳಿದದ್ದೆಲ್ಲ ತಾನೇ ಸರಿಹೋಯಿತು. ಅತ್ತೆಯವರ ತಕರಾರೂ ಅಲ್ಲೇ ಮುಗಿಯಿತು, ಯಾಕೆಂದರೆ ನಮ್ಮನೆ ಒಲೆ ಉರಿಯುತ್ತೆ, ಬಂದವರ ಎಲೆಗೆ ಬೀಳೋ ಅನ್ನ ನಮ್ಮದೇ.

ಅಳತೆ. ಮೂವತ್ತು ಜನಕ್ಕೆ ಎರಡೂವರೆ ಕೆಜಿ ಸೋನಾ ಮಸೂರಿ ಸಾಕು, ಭಾತುಗಳೂ ಇರೋದರಿಂದ. ಭಾತು ಇಲ್ಲದಿದ್ದರೆ ಕೆಜಿಗೆ ಎಂಟರಿಂದ ಹತ್ತು ಜನ ಅಂತ ಹಿಡಿಯಿರಿ. ಅನ್ನವನ್ನು ಒಂದೇ ಸಲಕ್ಕೆ ಮಾಡೋದಿಲ್ಲ. ಎರಡು ಸಲ, ಮುಕ್ಕಾಲು ಗಂಟೆ ಅಂತರದಲ್ಲಿ. ಸಾರಿಗೆ ತೊಗರಿಬೇಳೆ ಅರ್ಧ ಕೆಜಿಯ ಮೇಲೆ ಒಂದು ಹಿಡಿ. ಸಾರಿನ ಪಾತ್ರೆಯನ್ನು ಅದಕ್ಕಿಂತ ಅಗಲದ ಬಿಸಿನೀರಿನ ತಪ್ಪಲೆಯೊಳಗೆ ಇಳಿಸಿ ಸಣ್ಣ ಉರಿಯಲ್ಲಿಟ್ಟರೆ ಎರಡು ಗಂಟೆ ಕುದಿಯದೆ, ಆರದೆ ಇರುತ್ತೆ. ಮತ್ತೆ ಮತ್ತೆ ಕುದಿಸಿದ ಸಾರಿಗೆ ಘಮ ಇರೋದಿಲ್ಲ ಅನ್ನೋದು ನಿಮಗೂ ಗೊತ್ತು. ಘಮ ಕೊನೆಯವರೆಗೂ ಉಳಿಯೋಕೆ ನಾನು ಇನ್ನೊಂದು ಕೆಲಸ ಮಾಡ್ತೀನಿ. ಅದು ನಮ್ಮಮ್ಮನಿಂದ ಬಂದದ್ದು, ಅದನ್ನಿಲ್ಲಿ ಬರೆಯೋಲ್ಲ.

ಬರುವವರಿಗೆ ಅಳತೆ ಒಂದೇ: ಎಂಟು ಜನಕ್ಕಾಗುವಷ್ಟು. ಭಾತಾದರೆ ಮೂರು ಪಾವು ಅಕ್ಕಿ, ಪಲ್ಯವಾದರೆ ಒಂದು ಕೆಜಿ ತರಕಾರಿ. "ಮೂವತ್ತು ಜನಕ್ಕೆ ಎಂಟು ಜನದ ಪಲ್ಯವಾ?" ಅಂತ ಎಲ್ಲರೂ ಕೇಳ್ತಾರೆ, ಬೇಡ ಅಂದರೂ ಹೆಚ್ಚು ಮಾಡಿಕೊಂಡು ಬರೋರಿದ್ದಾರೆ. ಆದರೆ ಹತ್ತು ಬಗೆ ಇದ್ದಲ್ಲಿ ಯಾರೂ ಯಾವುದನ್ನೂ ಎರಡು ಚಮಚಕ್ಕಿಂತ ಹೆಚ್ಚು ಹಾಕಿಸಿಕೊಳ್ಳೋದಿಲ್ಲ. ಹಿಂದೆಲ್ಲ ಎಲ್ಲರೂ ಎಲ್ಲರಿಗಾಗುವಷ್ಟು ತಂದು, ಸಂಜೆ ಬಕೆಟ್‌ಗಟ್ಟಲೆ ಉಳಿದದ್ದನ್ನು ನೋಡಿ ನನ್ನ ಹೊಟ್ಟೆ ಉರಿದಿತ್ತು. ಎಂಟರ ಲೆಕ್ಕಕ್ಕೆ ಬಂದ ಮೇಲೆ ಮಾಡುವವರಿಗೂ ಹಗುರ. ಮನೆಯಲ್ಲಿರೋ ಪಾತ್ರೆಯಲ್ಲೇ ಆಗುತ್ತೆ, ಬಾಡಿಗೆ ಪಾತ್ರೆ ಬೇಡ.

ಇನ್ನು ಆರಿದರೂ ಕೆಡದ್ದು ಯಾವುದು ಅನ್ನೋದು. ಇದನ್ನು ಊಹೆ ಮೇಲೆ ಹೇಳ್ತಿಲ್ಲ. ವಾರಗಟ್ಟಲೆ ಮನೆಯವರ ಮೇಲೇ ಪ್ರಯೋಗ ಮಾಡಿದೆ. ಬೆಳಗ್ಗೆ ಹತ್ತಕ್ಕೆ ಮಾಡಿ, ಹಾಟ್‌ಬಾಕ್ಸಿನಲ್ಲಿ ಒಂದು ಪಾಲು, ಸ್ಟೀಲ್ ಡಬ್ಬಿಯಲ್ಲಿ ಒಂದು ಪಾಲು ಇಟ್ಟು, ಒಂದು ಗಂಟೆಗೆ ತಿನ್ನೋದು. ಪುಳಿಯೋಗರೆಗೆ ಎದುರಿಲ್ಲ, ಹೊತ್ತು ಕಳೆದಷ್ಟೂ ಗೊಜ್ಜು ಹಿಡಿಯುತ್ತೆ. ವಾಂಗೀಭಾತು ಪಾಸು, ಈರನಗೆರೆ ಬದನೆಕಾಯಿ ಸಿಕ್ಕಿದರಂತೂ ಎರಡನೇ ಮಾತಿಲ್ಲ. ಆದರೆ ಹಾಟ್‌ಬಾಕ್ಸಿನಲ್ಲಿ ಬೇಡ, ಹಬೆಗೆ ಬದನೆಕಾಯಿ ಕರಗಿಹೋಗುತ್ತೆ. ನಿಂಬೆಹಣ್ಣಿನ ಚಿತ್ರಾನ್ನ ಪರವಾಗಿಲ್ಲ, ಕಡಲೇಕಾಯಿ ಬೀಜ ಮೆತ್ತಗಾಗುತ್ತೆ ಅಂತ ಅದನ್ನು ಬೇರೆ ಪೊಟ್ಟಣದಲ್ಲಿ ತರಿಸ್ತೀನಿ. ಅಕ್ಕಿರೊಟ್ಟಿ ಫೇಲು. ಮೆಂತ್ಯದ ಗೊಜ್ಜು, ಅನಾನಸ್ ಗೊಜ್ಜು ಭೇಷ್. ಒಬ್ಬಟ್ಟು, ಕಜ್ಜಾಯ ಹಿಂದಿನ ದಿನವೇ ಮಾಡಿಡಬಹುದು. ಹಸಿ ಕಾಯಿತುರಿ ಧಾರಾಳವಾಗಿ ಬಿದ್ದ ಪಲ್ಯ ಜನವರಿಯಲ್ಲಿ ಸರಿ, ಏಪ್ರಿಲ್‌ನಲ್ಲಿ ಬೇಡ, ಮಧ್ಯಾಹ್ನಕ್ಕೆ ಮುಂಚೆಯೇ ಹಳಸಿದ ವಾಸನೆ ಬರುತ್ತೆ.

ಕೋಸಂಬರಿಯಂತೂ ನನ್ನನ್ನು ಬಹಳ ಕಾಡಿತು. ಮನೆಯಲ್ಲೇ ಉಪ್ಪು ನಿಂಬೆರಸ ಹಾಕಿ ತಂದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತಿರುತ್ತೆ. ಈಗ ನೆನೆಸಿದ ಹೆಸರುಬೇಳೆ ಒಂದು ಡಬ್ಬಿ, ಹೆಚ್ಚಿದ ಸೌತೆಕಾಯಿ ಒಂದು, ಒಗ್ಗರಣೆ ಒಂದು ಸಣ್ಣ ಬಟ್ಟಲು, ಹೀಗೆ ಬಿಡಿಬಿಡಿಯಾಗಿ ತರಿಸಿ, ಊಟಕ್ಕೆ ಐದು ನಿಮಿಷ ಮುಂಚೆ ನಮ್ಮನೆಯಲ್ಲಿ ಕಲೆಸೋದು.

ಬಿಸಿಬೇಳೆಭಾತಿನದು ದೊಡ್ಡ ಕಥೆ. ಅದು ಆರಿದರೆ ಗಟ್ಟಿಯಾಗಿ ಸೌಟೇ ಇಳಿಯೋದಿಲ್ಲ, ಬಿಸಿನೀರು ಬೆರೆಸಿದರೆ ಖಾರ ಉಪ್ಪೆಲ್ಲ ಸಪ್ಪೆ. "ಅದನ್ನ ಪಟ್ಟಿಯಿಂದ ತೆಗೆದುಬಿಡು" ಅಂದರು ಮನೆಯವರು. ಮೈಸೂರಿನವರನ್ನು ಕರೆದು ಬಿಸಿಬೇಳೆಭಾತು ಇಲ್ಲ ಅನ್ನೋಕೆ ನನಗೆ ಮನಸ್ಸಾಗಲಿಲ್ಲ. ಬೇಳೆ ಹೆಚ್ಚಿಸಿ ನೋಡಿದೆ, ಅಕ್ಕಿ ಕಮ್ಮಿ ಮಾಡಿ ನೋಡಿದೆ, ಎರಡನ್ನೂ ಬೇರೆ ಬೇರೆ ಬೇಯಿಸಿ ನೋಡಿದೆ. ಕೊನೆಗೊಂದು ದಾರಿ ಸಿಕ್ಕಿತು, ಈಗ ಎರಡು ಗಂಟೆ ಹೊತ್ತು ಸೌಟಿನಿಂದ ಜಾರುವ ಹಾಗೇ ಇರುತ್ತೆ. ಉಂಡವರೆಲ್ಲ ಕೇಳ್ತಾರೆ. ಹೇಳೋದಿಲ್ಲ, ಬಂದು ಉಣ್ಣಿ.

ಯಾರು ಏನು ತರಬೇಕು ಅನ್ನೋದನ್ನು ವಾಟ್ಸಾಪ್ ಗುಂಪಿನಲ್ಲಿ ಯಾವತ್ತೂ ಕೇಳಬೇಡಿ. ಮೊದಲು ಹಾಕಿದವರು ಸುಲಭದ್ದನ್ನು ಹಿಡಿದುಕೊಳ್ತಾರೆ, ಕಡೆಯವರು ಬೇಜಾರಾಗ್ತಾರೆ, ಒಬ್ಬರು ಬಾದಾಮಿ ಹಲ್ವ ಅಂದ ಮೇಲೆ ಇನ್ನೊಬ್ಬರಿಗೆ ಕೋಸಂಬರಿ ಅನ್ನೋಕೆ ನಾಚಿಕೆ. ನಾನು ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ. "ಏನು ತರ್ತೀರಿ?" ಅನ್ನೋದಿಲ್ಲ. "ಅಕ್ಕಾ, ನಿಮ್ಮ ಕೈಯ ಹುರುಳೀಕಾಯಿ ಪಲ್ಯ ತಿಂದು ವರ್ಷ ಆಯ್ತು" ಅಂತೀನಿ. ಆ ಕಡೆಯಿಂದ ಬೇಡ ಅಂತ ಬಂದದ್ದೇ ಇಲ್ಲ. ಪಕ್ಕಾ ಒಂದು ಮಾತು ಸೇರಿಸ್ತೀನಿ: ಎಂಟು ಜನಕ್ಕೆ, ಪಾತ್ರೆ ಜೊತೆ ಸೌಟು. ಹನ್ನೆರಡು ಮನೆಯವರು ಅಂದರೆ ಎರಡು ಭಾತು, ಮೂರು ಪಲ್ಯ ಗೊಜ್ಜು, ಎರಡು ಸಿಹಿ, ಒಂದು ಕೋಸಂಬರಿ, ಒಂದು ಮೊಸರನ್ನ, ಉಪ್ಪಿನಕಾಯಿ ಚಟ್ನಿಪುಡಿ ಸೇರಿ ಒಂದು ಮನೆ. ಮಿಕ್ಕ ಎರಡು, ಅಡುಗೆ ಮಾಡದವರ ಪಾಲು. ರೂಮ್ ಮಾಡಿಕೊಂಡಿರೋ ಹುಡುಗರಿಗೆ ಬೆಳಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಬಾಳೆಹಣ್ಣು, ಚಿಗುರೆಲೆ, ಅಡಿಕೆ ತರೋ ಕೆಲಸ ಕೊಟ್ಟರೆ ಹೆಮ್ಮೆಯಿಂದ ಮಾಡ್ತಾರೆ. ರಸಬಾಳೆ ಸಿಕ್ಕಿದರೆ ಆ ದಿನ ಅವರೇ ರಾಜರು, ನಂಜನಗೂಡಿನ ರಸಬಾಳೆ ಈಗ ಸುಮ್ಮನೆ ಸಿಗೋದಿಲ್ಲ. ಕೆಲಸಕ್ಕೆ ಹೋಗೋ ಇನ್ನೊಬ್ಬಾಕೆ ಸಯ್ಯಾಜಿರಾವ್ ರಸ್ತೆಯಿಂದ ಮೈಸೂರುಪಾಕು ಕಟ್ಟಿಸಿಕೊಂಡು ಬಂದರೆ ಅದೂ ಸರಿಯೇ.

ದಿನ ಗೊತ್ತು ಮಾಡೋಕೆ ಒಂಟಿಕೊಪ್ಪಲ್ ಪಂಚಾಂಗ ಮುಂದಿಟ್ಟುಕೊಳ್ಳಿ. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ, ಪಿತೃಪಕ್ಷ ಬಿಡಬೇಕು. ಸೋಮವಾರ ಶನಿವಾರ ಮಾಂಸ ತಿನ್ನದವರಿದ್ದಾರೆ. ದಸರಾದಲ್ಲಿ ಎಲ್ಲರ ಮನೆಗೂ ನೆಂಟರು. ಹಾಗಾಗಿ ಒಂದು ಸಾದಾ ಭಾನುವಾರ, ಮಧ್ಯಾಹ್ನ. ರಾತ್ರಿ ಊಟ ಇಟ್ಟರೆ ಜನ ಮಧ್ಯಾಹ್ನವೇ ಮಾಡಿಟ್ಟದ್ದನ್ನು ತರ್ತಾರೆ. ಮಧ್ಯಾಹ್ನವಾದರೆ ಹನ್ನೊಂದಕ್ಕೆ ಇಳಿಸಿದ ಅಡುಗೆ ಒಂದು ಗಂಟೆಗೆ ಎಲೆ ಮೇಲೆ. ವಿಜಯನಗರದಿಂದ ಬಂದರೂ ಅರ್ಧ ಗಂಟೆಯ ದಾರಿ. ಈ ಅನುಕೂಲ ಬೆಂಗಳೂರಿನವರಿಗಿಲ್ಲ.

ಬಾಡೂಟದ ವಿಷಯವನ್ನು ನೇರವಾಗಿ ಬರೀತೀನಿ, ಎಲ್ಲರೂ ತಪ್ಪಿಸಿಕೊಳ್ಳೋದು ಇಲ್ಲೇ. ನಮ್ಮ ಬಳಗದಲ್ಲಿ ಎಲ್ಲ ಥರದವರಿದ್ದಾರೆ. ಬೆಳ್ಳುಳ್ಳಿ ಮುಟ್ಟದವರು, ಭಾನುವಾರ ಕೋಳಿಸಾರಿಲ್ಲದೆ ಊಟವೇ ಅಲ್ಲ ಅನ್ನೋರು. ಹಿಂದೊಮ್ಮೆ ಗೆಳತಿಯೊಬ್ಬಳು ಬೆಳಗಿನ ಜಾವ ಎದ್ದು ಮಟನ್ ಬಿರಿಯಾನಿ ಮಾಡಿಕೊಂಡು ಬಂದಳು. ಟೇಬಲ್ ನೋಡಿ, ಕೂತವರನ್ನು ನೋಡಿ, ಮುಚ್ಚಳವನ್ನೇ ತೆಗೆಯದೆ ಪಾತ್ರೆಯನ್ನು ಬಾಗಿಲ ಹಿಂದೆ ಇಟ್ಟಳು. ಹಾಗೇ ವಾಪಸ್ ತೆಗೆದುಕೊಂಡು ಹೋದಳು. ಅದು ನನಗೆ ಇವತ್ತಿಗೂ ನೋವು. "ಒಟ್ಟಿಗೆ ಉಣ್ಣೋಣ" ಅಂತ ಕರೆದು, ಒಬ್ಬಳ ಅಡುಗೆಯನ್ನು ಬಾಗಿಲ ಹಿಂದೆ ಇಡಿಸೋದಾದರೆ ಕರೆಯೋದೇ ಬೇಡ. ಈಗ ಮಹಡಿಯ ಇನ್ನೊಂದು ಮೂಲೆಯಲ್ಲಿ ಎರಡನೇ ಟೇಬಲ್. ಅದಕ್ಕೆ ಅದರದೇ ತಟ್ಟೆ, ಕೆಂಪು ದಾರ ಕಟ್ಟಿದ ಸೌಟು, ಕೈ ತೊಳೆಯೋಕೆ ಬೇರೆ ಬಕೆಟ್. ಕರೆಯುವಾಗಲೇ ಎರಡೂ ಕಡೆಯವರಿಗೆ ಫೋನಿನಲ್ಲಿ ಹೇಳಿರ್ತೀನಿ. ಮಂಡ್ಯದಿಂದ ಕಾರಿನಲ್ಲಿ ಬರೋ ಅಣ್ಣ ಅತ್ತಿಗೆ ನಾಟಿಕೋಳಿ ಸಾರು ತರ್ತಾರೆ. ದ್ರವಕ್ಕೆ ನಾನು ಕೊಟ್ಟಿರೋ ಒಂದೇ ವಿನಾಯಿತಿ ಅದು, ಅವರಿಗೆ ಅಂತಲೇ ಮಹಡಿ ಮೇಲೊಂದು ಇಂಡಕ್ಷನ್ ಒಲೆ. ಆ ಬಿರಿಯಾನಿಯ ಗೆಳತಿ ಈ ಸಲ ಬಂದಳು, ಎಲ್ಲರಿಗಿಂತ ಮೊದಲು ಖಾಲಿಯಾದದ್ದು ಅವಳ ಪಾತ್ರೆ. ಅತ್ತೆಯವರು ಈ ಟೇಬಲ್ಲಿನಲ್ಲಿ ಕೂತು ಆ ಟೇಬಲ್ಲಿನವರ ಜೊತೆ ಹರಟೆ ಹೊಡೆದರು.

ತಟ್ಟೆಗಳದೂ ಒಂದಷ್ಟು ಪ್ರಯೋಗ ಆಯಿತು. ಬಾಳೆಎಲೆ ಕೈಯಲ್ಲಿ ಹಿಡಿದು ಟೇಬಲ್ ಸುತ್ತೋಕಾಗೋದಿಲ್ಲ. ಸ್ಟೀಲ್ ತಟ್ಟೆ ತೊಳೆಯೋರಿಲ್ಲ. ಅಡಿಕೆ ಹಾಳೆ ತಟ್ಟೆ ಸಾರಿಗೂ ತಡೆಯುತ್ತೆ, ಒಂದಕ್ಕೆ ಐದಾರು ರೂಪಾಯಿ ಬಿದ್ದ ನೆನಪು. ಹಾಳೆ ತಟ್ಟೆ ಮೇಲೆ ತಟ್ಟೆಯಗಲಕ್ಕೆ ಕತ್ತರಿಸಿದ ಬಾಳೆಎಲೆ ಇಟ್ಟುಕೊಟ್ಟರೆ ಹಿರಿಯರಿಗೆ ಸಂತೋಷ. ಟೇಬಲ್ ಮೇಲೆ ಎಲೆ ಬಡಿಸೋ ಕ್ರಮವೇ ಇರಲಿ: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಭಾತು. ಅನ್ನ ಸಾರು ಟೇಬಲ್ ಮೇಲಿಲ್ಲ, ಕೂತಲ್ಲಿಗೇ ನಾವು ಬಡಿಸ್ತೀವಿ. ಇದರಿಂದ ಸಾಲು ನಿಲ್ಲೋದಿಲ್ಲ, ಮತ್ತೆ ಬಡಿಸಿ ಉಣ್ಣಿಸಿದ ಹಾಗೂ ಆಗುತ್ತೆ.

ದುಡ್ಡಿನ ಲೆಕ್ಕಕ್ಕೆ ಬರ್ತೀನಿ. ಭಾವ ಹೇಳಿದ ಕೇಟರಿಂಗ್‌ನವರು ಎಲೆಗೆ ಮುನ್ನೂರರ ಹತ್ತಿರ ಹೇಳಿದರು, ಐವತ್ತು ಎಲೆಗಿಂತ ಕಮ್ಮಿಯಾದರೆ ಬರೋದಿಲ್ಲ. ಅಂದರೆ ಹದಿನೈದು ಸಾವಿರ. ನಮ್ಮ ಪಾಲಿನ ಖರ್ಚು ಅಕ್ಕಿ, ಬೇಳೆ, ಹಾಲು, ಮೊಸರು, ತುಪ್ಪ, ಹಪ್ಪಳದ ಎಣ್ಣೆ, ತಟ್ಟೆ, ಹಿತಕಿದಬೇಳೆಗೆ ಅವರೆಕಾಯಿ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಬಂದವರಿಗೆ ಮನೆಗೆ ಮುನ್ನೂರು ನಾನೂರು ಬಿದ್ದಿರಬಹುದು. ಒಬ್ಬರಿಗೆ ತುಪ್ಪ ಗೋಡಂಬಿಯ ಸಿಹಿ ಹೇಳಿ ಇನ್ನೊಬ್ಬರಿಗೆ ಕೋಸಂಬರಿ ಹೇಳಿದರೆ ಅಸಮಾನ ಆಗುತ್ತೆ, ಅದಕ್ಕೆ ಸಿಹಿಯ ಸರದಿ ಪ್ರತಿ ಸಲ ಬೇರೆ ಮನೆಗೆ. ಹಣ ಕಲೆಹಾಕಿ ಹಂಚೋ ಪದ್ಧತಿಯನ್ನೂ ನೋಡಿದೆ. ಬಿಟ್ಟೆ. ಊಟದ ನಡುವೆ ದುಡ್ಡು ಎಣಿಸಿದರೆ ಯಾರಿಗೂ ಚೆನ್ನಾಗಿರೋದಿಲ್ಲ.

ಪಾತ್ರೆ ಅದಲುಬದಲಾಗೋದಕ್ಕೆ ನಮ್ಮಲ್ಲಿ ಮದ್ದು ಮೊದಲೇ ಇದೆ, ಹಳೇ ಸ್ಟೀಲ್ ಪಾತ್ರೆ ಮೇಲೆಲ್ಲ ಹೆಸರು ಕೆತ್ತಿಸಿರ್ತಾರೆ. ಅದಿಲ್ಲದ ಪಾತ್ರೆಗೆ ತಳದಲ್ಲಿ ಉಗುರುಬಣ್ಣದ ಅಕ್ಷರ. ಯಾರ ಪಾತ್ರೆಯೂ ಖಾಲಿ ಹಿಂದಿರುಗೋದಿಲ್ಲ. ಉಳಿದ ಅಡುಗೆಯನ್ನು ಮೂರು ಗಂಟೆಯೊಳಗೆ ಅದಲುಬದಲು ಮಾಡಿ ತುಂಬ್ತೀನಿ: ಪುಳಿಯೋಗರೆ ತಂದವರ ಡಬ್ಬಿಯಲ್ಲಿ ಒಬ್ಬಟ್ಟು, ಪಲ್ಯ ತಂದವರಿಗೆ ಪುಳಿಯೋಗರೆ. ಕಾಯಿ ಹಾಕಿದ್ದು, ಮೊಸರಿನದು ಕಟ್ಟೋದಿಲ್ಲ.

ಇನ್ನೊಂದು ಬಾಕಿ ಇದೆ. ಅಣ್ಣ ಮಂಡ್ಯದಲ್ಲಿ ತಮ್ಮ ಮನೆಯಲ್ಲಿ ಒಂದು ಸಲ ಇಡೋಣ ಅಂದಿದ್ದಾರೆ, ಮುದ್ದೆ ಇರಲೇಬೇಕಂತೆ. ಮೂವತ್ತು ಜನಕ್ಕೆ ಬಿಸಿ ಮುದ್ದೆ ಅಂದರೆ ಮೂರು ಸರದಿ ತೊಳಸಬೇಕು, ಒಂದೊಂದು ಸರದಿಗೆ ಎರಡು ಗಟ್ಟಿ ಕೈ ಬೇಕು. ಅತ್ತಿಗೆ ಆಗಲೇ ಇಬ್ಬರನ್ನು ಒಪ್ಪಿಸಿದ್ದಾರೆ. ಅಲ್ಲೂ ಪಾಲು ಇದೇ: ಮುದ್ದೆ, ಸೊಪ್ಪಿನ ಸಾರು, ಕೋಳಿಸಾರು ಅವರ ಒಲೆ ಮೇಲೆ. ಮೈಸೂರಿಂದ ಹೋಗೋ ನಾವು ಗೊಜ್ಜು, ಭಾತು, ಸಿಹಿ ಹೊತ್ತುಕೊಂಡು ಹೋಗ್ತೀವಿ.