ಬ್ಯಾಟರಿ ಎಷ್ಟು ಗಂಟೆಗೆ ತುಂಬುತ್ತದೆ? ಇಂಟಿಗ್ರಲ್ ಇರುವ ಸಮೀಕರಣ ಬಿಡಿಸುವ ಬಗೆ

ಧಾರವಾಡದ ಒಂದು ಮನೆಯ ಮಾಳಿಗೆ ಮೇಲೆ 1 ಕಿಲೋವಾಟ್ ಸೋಲಾರ್ ಪ್ಯಾನೆಲ್ ಇದೆ ಎಂದುಕೊಳ್ಳಿ. ಖಾಲಿ ಬ್ಯಾಟರಿ ತುಂಬಲು 3 ಯುನಿಟ್ ಬೇಕು. ಎಷ್ಟು ಗಂಟೆಗೆ ತುಂಬುತ್ತದೆ? ಬಿಸಿಲು ಏರುತ್ತ ಇಳಿಯುತ್ತ ಇರುವುದರಿಂದ ಸುಮ್ನೆ ಭಾಗಿಸಿದರೆ ಆಗದು. ಕ್ಷಣಕ್ಷಣಕ್ಕೂ ಬಂದ ಕರೆಂಟನ್ನು ಕೂಡುತ್ತ ಹೋಗಬೇಕು, ಅಂದರೆ ಇಂಟಿಗ್ರಲ್. ಗೊತ್ತಿಲ್ಲದ್ದು ಅದರ ಮೇಲಿನ ಮಿತಿ, ಅಂದರೆ ಎಷ್ಟನೇ ತಾಸಿಗೆ ಕೂಡುವುದನ್ನು ನಿಲ್ಲಿಸಬೇಕು ಎಂಬುದು.

ಬೇಕಾದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಜೊತೆಗೆ ಅದರ ಗಣಿತದ ಲೈಬ್ರರಿಗಳಾದ ನಂಪೈ (NumPy) ಮತ್ತು ಸೈಪೈ (SciPy). ಬ್ರೌಸರಿನಲ್ಲೇ ಪ್ರೋಗ್ರಾಂ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಮೂರೂ ಸಿದ್ಧವಾಗಿ ಸಿಗುತ್ತವೆ, ಮೊಬೈಲಿನಲ್ಲೂ ನಡೆಯುತ್ತದೆ.

ಮೊದಲು ಬಿಸಿಲಿಗೊಂದು ಫಂಕ್ಷನ್ ಬರೆಯಿರಿ. ಹಗಲು ರಾತ್ರಿ ಸಮ ಇರುವ ದಿನಗಳಲ್ಲಿ ಇಲ್ಲಿ ಸೂರ್ಯ ಹೆಚ್ಚುಕಡಿಮೆ 6.30ಕ್ಕೆ ಹುಟ್ಟಿ ಸಂಜೆ 6.30ಕ್ಕೆ ಮುಳುಗುತ್ತಾನೆ. (ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಧಾರವಾಡ ಇರುವುದು 75ರಲ್ಲಿ. ಅದಕ್ಕೇ ಇಲ್ಲಿ ನೆತ್ತಿಬಿಸಿಲು ಅರ್ಧ ತಾಸು ತಡ.) ಸೂರ್ಯ ಹುಟ್ಟಿ ಕಳೆದ ತಾಸುಗಳನ್ನು ಪೈನಿಂದ ಗುಣಿಸಿ, 12ರಿಂದ ಭಾಗಿಸಿ, ಅದರ ಸೈನ್ ತೆಗೆದುಕೊಳ್ಳಿ. ನಂಪೈ ಕೋನವನ್ನು ರೇಡಿಯನ್‌ನಲ್ಲೇ ಕೇಳುತ್ತದೆ.

ಎರಡನೆಯದು, ಇಂಟಿಗ್ರಲ್ ಲೆಕ್ಕ ಹಾಕುವ ಸೈಪೈಯ ‘ಕ್ವಾಡ್’ (quad) ಬಳಸಿ ಸೊನ್ನೆಯಿಂದ ಗೊತ್ತಿಲ್ಲದ ಆ ತಾಸಿನವರೆಗೆ ಕೂಡಿಸಿ, 3 ಕಳೆಯುವ ಇನ್ನೊಂದು ಫಂಕ್ಷನ್. ಕ್ವಾಡ್ ಉತ್ತರದ ಜೊತೆ ದೋಷದ ಅಂದಾಜನ್ನೂ ಕೊಡುತ್ತದೆ, ಮೊದಲನೆಯದನ್ನಷ್ಟೇ ಎತ್ತಿಕೊಳ್ಳಿ.

ಈಗ ಈ ಫಂಕ್ಷನ್ ಎಲ್ಲಿ ಸೊನ್ನೆಯಾಗುತ್ತದೆ ಎಂದು ಸೈಪೈಯದೇ ಆದ ‘ಬ್ರೆಂಟ್‌ಕ್ಯೂ’ಗೆ (brentq) ಕೇಳಿ. ಅದಕ್ಕೆ ಎರಡು ತುದಿ ಕೊಡಬೇಕು, ಒಂದರಲ್ಲಿ ಬೆಲೆ ಋಣ, ಇನ್ನೊಂದರಲ್ಲಿ ಧನ. ಬೆಳಗಿನ ತುದಿಯಲ್ಲಿ ಮೈನಸ್ 3. ದಿನವಿಡೀ ಬರುವುದು 7.64 ಯುನಿಟ್, ಹಾಗಾಗಿ ಸಂಜೆ 4.64. ಉತ್ತರ 5.174 ತಾಸು, ಅಂದರೆ 11.40ರ ಸುಮಾರು. ಬ್ಯಾಟರಿ 9 ಯುನಿಟ್‌ನದ್ದಾಗಿದ್ದರೆ ಎರಡೂ ತುದಿ ಋಣವಾಗಿ ಎರರ್ ಬರುತ್ತಿತ್ತು. ಪ್ರೋಗ್ರಾಂ ಕೆಟ್ಟಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವತ್ತು ಬ್ಯಾಟರಿ ತುಂಬುವುದೇ ಇಲ್ಲ, ಅಷ್ಟೇ.

ಇಷ್ಟನ್ನು ಕಾಗದದಲ್ಲೂ ಬಿಡಿಸಬಹುದಲ್ವಾ? ಹೌದು. ಅದಕ್ಕೇ ಸೈನ್ ಆರಿಸಿದ್ದು, ಉತ್ತರ ತಾಳೆ ನೋಡಬಹುದು. ಪಿಯು ಗಣಿತ ಸಾಕು. ತಾಳೆ ನೋಡದೆ ಮುಂದಕ್ಕೆ ಹೋಗುವುದು ನನಗಂತೂ ಸರಿ ಕಾಣದು.

ಆಮೇಲೆ ನಿಜವಾದ ತಂಟೆ ಸೇರಿಸಿ. 10.30ಕ್ಕೆ ಮೋಡ ಕವಿದು ಬಿಸಿಲು ಅರ್ಧಕ್ಕೆ ಇಳಿಯಿತು ಎನ್ನಿ. ಫಂಕ್ಷನ್ ಅಲ್ಲಿ ಥಟ್ಟನೆ ಜಿಗಿಯುತ್ತದೆ. ಇಂಥ ಜಿಗಿತ ಎಲ್ಲಿದೆ ಎಂದು ಹೇಳದಿದ್ದರೆ ಕ್ವಾಡ್ ತಡವರಿಸಬಹುದು. 4ನೇ ತಾಸಿನವರೆಗೆ ಒಂದು, ಅಲ್ಲಿಂದಾಚೆ ಇನ್ನೊಂದು ಎಂದು ಒಡೆದು ಕೂಡಿಸುವುದು ಒಳ್ಳೆಯದು. ಈಗ ಬ್ಯಾಟರಿ ತುಂಬುವುದು 12.46ಕ್ಕೆ.

ಗೊತ್ತಿಲ್ಲದ್ದು ಮಿತಿಯಲ್ಲ, ಇಂಟಿಗ್ರಲ್ ಒಳಗಿನ ಫಂಕ್ಷನ್ನೇ ಆಗಿದ್ದರೆ ದಾರಿ ಬೇರೆ. ಮಿತಿಗಳು ನಿಂತಲ್ಲೇ ಇದ್ದು, ಆ ಫಂಕ್ಷನ್ ಹೊರಗೂ ಒಂಟಿಯಾಗಿ ಬಂದರೆ ಅದು ಎರಡನೇ ಬಗೆಯ ಫ್ರೆಡ್‌ಹೋಮ್ ಸಮೀಕರಣ. ಅದಕ್ಕೆ ಗಣಿತಜ್ಞ ನೈಸ್ಟ್ರಾಮ್ 1930ರಲ್ಲಿ ಪ್ರಕಟಿಸಿದ ವಿಧಾನ ಸಾಕು. ಅಂತರವನ್ನು 20 ಬಿಂದುಗಳಾಗಿ ಹಂಚಿ, ಇಂಟಿಗ್ರಲ್ ಬದಲು ಟ್ರೆಪೆಜಾಯ್ಡ್ ಮೊತ್ತ (ಅಕ್ಕಪಕ್ಕದ ಬಿಂದುಗಳ ನಡುವಿನ ತುಂಡುಗಳ ವಿಸ್ತೀರ್ಣ ಕೂಡಿಸಿದ್ದು) ಇಡಿ. 20 ಸರಳ ಸಮೀಕರಣ ಸಿಗುತ್ತವೆ, ನಂಪೈಯ ‘ಸಾಲ್ವ್’ ಒಂದೇ ಸಾಲಿನಲ್ಲಿ ಬಿಡಿಸುತ್ತದೆ. ಮೇಲಿನ ಮಿತಿ ಸರಿಯುತ್ತ ಹೋಗುವ ವೋಲ್ಟೆರಾ ಬಗೆಯದ್ದಾದರೆ ಇನ್ನೂ ಸಲೀಸು, ಮೊದಲ ಬಿಂದುವಿನಿಂದ ಒಂದೊಂದಾಗಿ ಬಿಡಿಸುತ್ತ ಹೋಗಬಹುದು. 20ರ ಬದಲು 40 ಬಿಂದು ಇಟ್ಟು ಮತ್ತೊಮ್ಮೆ ಓಡಿಸಿ. ನಿಮಗೆ ಬೇಕಾದ ದಶಮಾಂಶ ಸ್ಥಾನಗಳು ಅಲುಗಾಡದಿದ್ದರೆ ಅಲ್ಲಿಗೆ ನಿಲ್ಲಿಸಬಹುದು, ಅಲುಗಾಡಿದರೆ 80.